ರಿಚ್ಮಂಡ್ ಊರಲ್ಲಿ ಶೂ ಒಣಗಿಸಿದ ದಿನ

ಹತ್ತು ದಿನ ನಡೆದವರು ಒಂದು ದಿನ ಯಾವುದಾದರೂ ಊರಲ್ಲಿ ಸುಮ್ಮನೆ ಕೂರಬೇಕು ಎಂದು ರಮ್ಯಾಳ ಕೈಯಲ್ಲಿದ್ದ ಪುಸ್ತಕದಲ್ಲಿ ಬರೆದಿತ್ತು. ಸುಮ್ಮನೆ ಕೂರುವುದು ನನಗೆ ಹುಟ್ಟಿದಾಗಿನಿಂದ ಬಂದಿಲ್ಲ. ಮೈ ಸುಡುವ ಜ್ವರದಲ್ಲೂ ಎದ್ದು ಕೊಟ್ಟಿಗೆ ಗುಡಿಸಿದವಳು ನಾನು. ಆದರೂ ಇಂಗ್ಲೆಂಡಿನ ರಿಚ್ಮಂಡ್ ಎಂಬ ಊರಿನಲ್ಲಿ ಒಂದು ಶನಿವಾರ ಕೂರಬೇಕಾಯಿತು. ಅವತ್ತು ಅಲ್ಲಿ ಏನಾಯಿತು ಎಂದು ನಮ್ಮ ಬೀದಿಯಲ್ಲಿ ತಲೆಗೊಂದು ಕಥೆ ಕಟ್ಟಿದ್ದಾರೆ. ಹಾಗಾಗಿ ನಡೆದದ್ದನ್ನು ನಾನೇ ಬರೆದುಬಿಡುತ್ತೇನೆ.

ನನ್ನ ಹೆಸರು ಯಶೋದಮ್ಮ, ವಯಸ್ಸು ಐವತ್ತಮೂರು, ಊರು ಸಿಂಗಸಂದ್ರ. ನಮ್ಮ ರಾಗಿ ಹೊಲ ಇದ್ದ ಜಾಗದಲ್ಲಿ ಈಗ ಮೂರು ಮಹಡಿಯ ಹೆಣ್ಣುಮಕ್ಕಳ ಪಿ.ಜಿ. ಇದೆ. ನಡೆಸುವವಳು ನಾನೇ. ಎಲೆಕ್ಟ್ರಾನಿಕ್ ಸಿಟಿಗೆ ಕೆಲಸಕ್ಕೆ ಹೋಗುವ ಹುಡುಗಿಯರು ನನಗೆ ಆಂಟಿ ಅನ್ನುತ್ತಾರೆ, ಬೆನ್ನ ಹಿಂದೆ ಏನನ್ನುತ್ತಾರೋ ಅದೂ ನನಗೆ ಗೊತ್ತು. ರಮ್ಯಾ ದಾವಣಗೆರೆಯವಳು, ಎರಡನೇ ಮಹಡಿಯಲ್ಲಿ ನಾಲ್ಕು ವರ್ಷದಿಂದ ಇದ್ದಾಳೆ. ಅವಳೂ ಅವಳ ಗೆಳತಿಯೂ ಇಂಗ್ಲೆಂಡಿನ ಪಶ್ಚಿಮ ಸಮುದ್ರದಿಂದ ಪೂರ್ವ ಸಮುದ್ರದವರೆಗೆ ನಡೆಯುವುದೆಂದು ಎರಡು ವರ್ಷ ಲೆಕ್ಕ ಹಾಕಿಕೊಂಡಿದ್ದರು. ಕೊನೆಗೆ ಗೆಳತಿಗೆ ಮದುವೆ ಗೊತ್ತಾಯಿತು. ರಮ್ಯಾ ನನ್ನ ಅಡುಗೆಮನೆಯಲ್ಲಿ ದೋಸೆ ಮುಂದಿಟ್ಟುಕೊಂಡು ಅಳುತ್ತಾ, "ನೀವೇ ಬಂದ್ಬಿಡಿ ಆಂಟಿ" ಅಂದಳು. ಅವಳು ತಮಾಷೆಗೆ ಅಂದದ್ದು. ನಾನು ತಮಾಷೆ ಮಾಡದೆ "ಬರ್ತೀನಿ" ಅಂದೆ.

ಬೀದಿ ಬೀದಿಯೇ ನಕ್ಕಿತು. ನನ್ನ ಮೈದುನ ಕೋದಂಡ, "ಅತ್ತಿಗೆ, ನಡಿಯೋಕೆ ಅಷ್ಟು ದೂರ ಹೋಗ್ಬೇಕಾ? ಇಲ್ಲೇ ಬೊಮ್ಮನಹಳ್ಳಿಗಂಟ ನಡೀರಿ, ಸಾಕು" ಅಂದ. ನಾನು ಬೆನ್ನಿನ ಚೀಲಕ್ಕೆ ಹತ್ತು ಕಿಲೋ ರಾಗಿ ಹಿಟ್ಟು ತುಂಬಿಕೊಂಡು, ಪಿ.ಜಿ. ಹಿಂದಿನ ಕಾಲುದಾರಿಯಲ್ಲಿ ಹೊಸೂರು ರಸ್ತೆಯ ಬಸ್ ಸ್ಟಾಪಿನವರೆಗೆ ಹೋಗಿ ಬರುವುದನ್ನು ಶುರು ಮಾಡಿದೆ. ದಿನಕ್ಕೆ ಹತ್ತು ಸಲ, ಮೂರು ತಿಂಗಳು. ಆ ಕಾಲುದಾರಿ ನಮ್ಮ ಮಾವನ ಕಾಲಕ್ಕಿಂತ ಹಳೆಯದು. ಈ ಬರಹದಲ್ಲಿ ಅದು ಮತ್ತೆ ಬರುತ್ತದೆ.

ಶುಕ್ರವಾರ, ಕುರಿಗಳ ಹೊಲ

ಇಂಗ್ಲೆಂಡಿನಲ್ಲಿ ನಾವು ನಡೆದ ದಾರಿ ರಸ್ತೆಯಲ್ಲ. ಅದು ರೈತರ ಹೊಲದ ನಡುವೆ, ಕೊಟ್ಟಿಗೆಯ ಪಕ್ಕ, ಒಮ್ಮೊಮ್ಮೆ ಮನೆಯ ಅಡುಗೆಮನೆ ಕಿಟಕಿಯ ಕೆಳಗೇ ಹಾದುಹೋಗುತ್ತದೆ. ಯಾರೂ ಯಾಕೆ ಬಂದಿರಿ ಎಂದು ಕೇಳುವುದಿಲ್ಲ. ಕಲ್ಲುಗೋಡೆ ಅಡ್ಡ ಬಂದಲ್ಲಿ ಎರಡು ಚಪ್ಪಡಿಗಳನ್ನು ನಿಲ್ಲಿಸಿ, ನಡುವೆ ಒಬ್ಬ ಮನುಷ್ಯ ಓರೆಯಾಗಿ ತೂರುವಷ್ಟು ಸಂದು ಬಿಟ್ಟಿರುತ್ತಾರೆ. ಮನುಷ್ಯ ದಾಟಬಹುದು, ದನ ದಾಟಲಾರದು. ಮೊದಲ ಸಂದಿನಲ್ಲೇ ನಾನು ಸೊಂಟಕ್ಕೆ ಸಿಕ್ಕಿಹಾಕಿಕೊಂಡೆ. ರಮ್ಯಾ ಹಿಂದಿನಿಂದ ತಳ್ಳಿ ಆಚೆ ಹಾಕಿದಳು. ಅತ್ತಿಬೆಲೆ ಕಡೆಯ ತೋಟಗಳ ಸುತ್ತ ಸಾಲಾಗಿ ನೆಟ್ಟ ಚಪ್ಪಡಿಗಳನ್ನು ನೋಡಿ ಬೆಳೆದವಳಿಗೆ ಕಲ್ಲು ಹೊಸದಲ್ಲ, ಸಂದು ಹೊಸದು. ನಮ್ಮಲ್ಲಿ ಚಪ್ಪಡಿ ನೆಡುವುದೇ ಯಾರೂ ಒಳಗೆ ಬರಬಾರದೆಂದು.

ಹತ್ತನೇ ದಿನ, ರಿಚ್ಮಂಡ್ ಇನ್ನೂ ಎರಡು ಗಂಟೆಯ ದಾರಿ ಇತ್ತು. ರಮ್ಯಾಳ ಮಂಡಿ ಊದಿಕೊಂಡು ಅವಳು ಹಿಂದೆ ಬಿದ್ದಿದ್ದಳು. ನಾನೊಬ್ಬಳೇ ಒಂದು ಹೊಲದ ಗೇಟಿನ ಹತ್ತಿರ ಬಂದವಳು ಗಕ್ಕನೆ ನಿಂತೆ. ಕಣ್ಣಿಗೆ ಹಬ್ಬವಾಗುವಂಥ ಹಸಿರು ಪೈರು, ಒಂದೇ ಮಟ್ಟಕ್ಕೆ ಬೆಳೆದಿತ್ತು. ಅದರೊಳಗೆ ಮೂವತ್ತು ನಲವತ್ತು ಕುರಿಗಳು ನುಗ್ಗಿ ಕಚಕಚನೆ ಮೇಯುತ್ತಿದ್ದವು. ಗೇಟು ಹೊರಗಿನಿಂದ ಭದ್ರವಾಗಿ ಹಾಕಿತ್ತು. ನನಗೆ ತಕ್ಷಣ ಅರ್ಥವಾಯಿತು. ಯಾರೋ ಆಗದವರು ಬೇಕಂತಲೇ ಕುರಿ ಒಳಗೆ ಬಿಟ್ಟು ಅಗುಳಿ ಹಾಕಿ ಹೋಗಿದ್ದಾರೆ. ನಮ್ಮೂರಲ್ಲಿ ನಮ್ಮ ಮಾವನಿಗೆ ಇದನ್ನೇ ಮಾಡಿದ್ದರು. ಒಂದೇ ರಾತ್ರಿಗೆ ಅರ್ಧ ಎಕರೆ ರಾಗಿ ಹೋಗಿತ್ತು, ಮಾವ ಎರಡು ದಿನ ಊಟ ಬಿಟ್ಟಿದ್ದರು.

ಚೀಲ ಇಳಿಸಿದೆ. ಗೇಟು ತೆಗೆದೆ. ಊರುಗೋಲು ಎತ್ತಿಕೊಂಡು "ಹಡೀ, ಹಡೀ" ಎಂದು ಗಂಟಲು ಹರಿಯುವಂತೆ ಕೂಗುತ್ತಾ ಅಷ್ಟೂ ಕುರಿಗಳನ್ನು ಓಣಿಗೆ ಅಟ್ಟಿದೆ. ನಾಲ್ಕು ಕುರಿ ತಪ್ಪಿಸಿಕೊಂಡು ತೊರೆಯ ಕಡೆ ಓಡಿದವು. ಅವುಗಳ ಹಿಂದೆ ನಾನೂ ತೊರೆಗೆ ಇಳಿದೆ, ಎರಡೂ ಶೂ ತುಂಬ ನೀರು. ಕೊನೆಗೆ ಗೇಟು ಹಾಕಿ, ಒಬ್ಬ ರೈತನ ಬೆಳೆ ಉಳಿಸಿದ ತೃಪ್ತಿಯಲ್ಲಿ ಏದುಸಿರು ಬಿಡುತ್ತಾ ನಿಂತೆ.

ನಾಲ್ಕು ಚಕ್ರದ ಬೈಕಿನಲ್ಲಿ ಒಬ್ಬ ಮುದುಕ ಧೂಳೆಬ್ಬಿಸಿಕೊಂಡು ಬಂದ, ಹಿಂದೆ ಒಂದು ನಾಯಿ. ಅವನು ಕೂಗುತ್ತಿದ್ದ. ನಾನೂ ಕೂಗಿದೆ. ನನ್ನ ಇಂಗ್ಲಿಷ್ ಕರೆಂಟ್ ಬಿಲ್ಲು, ಗೀಸರು, ನೋಟಿಸು ಇಷ್ಟಕ್ಕೆ ಸಾಕು, ಜಗಳಕ್ಕೆ ಸಾಲದು. ಹಾಗಾಗಿ ಕನ್ನಡದಲ್ಲೇ "ನಿನ್ ಬೆಳೆ ಉಳಿಸಿದ್ರೆ ನನಗೇ ಬೈತೀಯಲ್ಲಯ್ಯಾ" ಅಂದೆ. ಅಷ್ಟರಲ್ಲಿ ರಮ್ಯಾ ಕುಂಟುತ್ತಾ ಬಂದಳು. ಅವನ ಮಾತು ಕೇಳಿ ಮುಖ ಮುಚ್ಚಿಕೊಂಡಳು.

"ಆಂಟಿ, ಅದು ಬೆಳೆ ಅಲ್ಲ. ಹುಲ್ಲು. ಕುರಿಗೇ ಅಂತ ಬೆಳ್ಸಿರೋದು. ಆ ಕುರಿಗಳೂ ಅವರ್ದೇ."

ಬಂಗಾರದಂಥ ಭೂಮಿಯಲ್ಲಿ ಬರೀ ಹುಲ್ಲು ಬೆಳೆಯುತ್ತಾರೆ ಎಂದು ನಾನು ಹೇಗೆ ನಂಬಲಿ? ನಾಯಿ ಹತ್ತು ನಿಮಿಷದಲ್ಲಿ ಎಲ್ಲವನ್ನೂ ಒಳಗೆ ತಂದು ಬಿಟ್ಟಿತು. ಮುದುಕ ನನ್ನ ಕೆಂಪು ಮಂಕಿ ಕ್ಯಾಪನ್ನೇ ಒಂದು ಕ್ಷಣ ನೋಡಿ, ತಲೆ ಕೊಡವಿ ಹೊರಟುಹೋದ. ನಾನು ಸಾರಿ ಹೇಳಲಿಲ್ಲ. ಕುರಿ ಕಂಡರೆ ಓಡಿಸುವುದು ನನ್ನ ರಕ್ತದಲ್ಲಿದೆ, ಅದಕ್ಕೆ ಯಾಕೆ ಸಾರಿ?

ಶನಿವಾರ ಬೆಳಿಗ್ಗೆ, ಮಾರ್ಗರೆಟ್ ಮನೆ

ಒದ್ದೆ ಶೂ, ಊದಿದ ಮಂಡಿ. ಪುಸ್ತಕದ ಮಾತು ಕೇಳದೆ ವಿಧಿಯಿರಲಿಲ್ಲ. ರಿಚ್ಮಂಡ್ ಅಂದರೆ ನಮಗೆ ಬೆಂಗಳೂರಿನ ರಿಚ್ಮಂಡ್ ಸರ್ಕಲ್, ಹಾರ್ನು, ಹೊಗೆ. ಇದು ಗುಡ್ಡದ ಮೇಲೆ ಹಳೇ ಕೋಟೆ, ಅದರ ಮುಂದೆ ಗುಂಡುಕಲ್ಲು ಹಾಸಿದ ದೊಡ್ಡ ಸಂತೆ ಬಯಲು, ಕೆಳಗೆ ಹೊಳೆ ಇರುವ ಊರು. ನಾವು ಇಳಿದದ್ದು ಮಾರ್ಗರೆಟ್ ಎಂಬ ಅರವತ್ತು ದಾಟಿದ ಹೆಂಗಸಿನ ಮನೆಯಲ್ಲಿ. ನಡೆಯುವವರಿಗೆ ಕೋಣೆ, ಬೆಳಗಿನ ತಿಂಡಿ ಕೊಡುವುದು ಅವಳ ಕಸುಬು.

ಹಿಂದಿನ ಸಂಜೆ ಬಾಗಿಲಲ್ಲೇ ನನ್ನ ಶೂ ಕಿತ್ತುಕೊಂಡಿದ್ದಳು. ಕೋಣೆಯ ಗೋಡೆಯ ಮೇಲೆ ನಿಯಮಗಳ ಪಟ್ಟಿ. ಹತ್ತು ಗಂಟೆಯ ಮೇಲೆ ಸದ್ದು ಮಾಡಬಾರದು, ಬಿಸಿನೀರು ಹಿಡಿತದಲ್ಲಿ ಬಳಸಬೇಕು, ಕೋಣೆಯಲ್ಲಿ ಬಟ್ಟೆ ಒಗೆಯಬಾರದು. ಓದುತ್ತಾ ಓದುತ್ತಾ ನನಗೆ ಮೈ ಉರಿಯಿತು. ಬಾಡಿಗೆ ಕೊಟ್ಟವರನ್ನು ಶಾಲೆ ಮಕ್ಕಳ ಹಾಗೆ ನೋಡುವುದೆಂದರೇನು?

"ಆಂಟಿ, ಇದು ನಮ್ ಪಿ.ಜಿ. ಗೋಡೆ ಮೇಲಿರೋದೇ ಅಲ್ವಾ?" ಎಂದು ರಮ್ಯಾ ಹಾಸಿಗೆಯ ಮೇಲೆ ಬಿದ್ದು ನಕ್ಕಳು. "ಲೈಟ್ ಆಫ್ ಮಾಡೋದೊಂದು ಬಿಟ್ಟಿದ್ದಾರೆ ಅಷ್ಟೇ."

ನಾನು ಬಚ್ಚಲಿಗೆ ಹೋಗಿ ಎರಡು ಚೂಡಿದಾರ್ ಒಗೆದು ಕಿಟಕಿಗೆ ನೇತುಹಾಕಿದೆ. ಕಾಲು ಗಂಟೆಯಲ್ಲಿ ಮಾರ್ಗರೆಟ್ ಬಾಗಿಲು ತಟ್ಟಿದಳು. ಕೆಳಗೆ ಅವಳ ಹೂವಿನ ಕುಂಡದ ಮೇಲೆ ನೀರು ತೊಟ್ಟಿಕ್ಕುತ್ತಿತ್ತಂತೆ. ನಾನು ನಮ್ಮ ಹುಡುಗಿಯರಿಗೆ ಬೈಯುವಾಗ ಹೇಗೆ ಸೊಂಟದ ಮೇಲೆ ಕೈ ಇಟ್ಟು ನಿಲ್ಲುತ್ತೇನೋ ಹಾಗೇ ನಿಂತಿದ್ದಳು. ನಮ್ಮ ಹುಡುಗಿಯರು ಮುಖ ಹೇಗೆ ಮಾಡುತ್ತಾರೋ ಹಾಗೇ ನಾನೂ ಮಾಡಿದೆ. ಆಮೇಲೆ ತಿಂಡಿಯ ಮೇಜಿನ ಹತ್ತಿರ ನನ್ನ ಬರಿಗಾಲು ನೋಡಿ, ತನ್ನವೇ ಉಣ್ಣೆಯ ಚಪ್ಪಲಿ ತಂದುಕೊಟ್ಟಳು, ಮೇಲೆ ಮೊಲದ ಕಿವಿ ಇದ್ದವು. ಆ ದಿನ ಪೂರ್ತಿ ನಾನು ಇಂಗ್ಲೆಂಡಿನ ಬೀದಿಯಲ್ಲಿ ಮೊಲದ ಕಿವಿಯ ಚಪ್ಪಲಿಯಲ್ಲಿ ಓಡಾಡಿದೆ. ನೋಡಿದವರು ನೋಡಲಿ.

ತಿಂಡಿ ಮುಗಿಯುವ ಮೊದಲೇ ಫೋನ್ ಬಂತು. ಕೋದಂಡ.

"ಅತ್ತಿಗೆ, ಚೆನ್ನಾಗಿದ್ದೀರಾ? ಕಾಲು ಹೆಂಗಿದೆ? ಒಂದ್ ಸಣ್ಣ ಕೆಲಸ ಇತ್ತು. ರಮ್ಯಾ ಮೇಲ್‌ಗೆ ಒಂದ್ ಪೇಪರ್ ಕಳ್ಸಿದ್ದೀನಿ. ಪ್ರಿಂಟ್ ತೆಗ್ಸಿ, ಸೈನ್ ಹಾಕಿ, ಸ್ಕ್ಯಾನ್ ಮಾಡ್ಸಿ ಕಳ್ಸಿಬಿಡಿ. ಸೋಮವಾರ ಬಿಲ್ಡರ್ ಕಡೆಯೋರು ಬರ್ತಾರೆ. ಎಲ್ರದ್ದೂ ಆಯ್ತು, ನಿಮ್ದೊಂದೇ ಬಾಕಿ."

"ಏನ್ ಪೇಪರ್ ಕೋದಂಡ?"

"ಅದೇ, ಹಿಂದುಗಡೆ ಕಾಲುದಾರಿದು. ಮುಚ್ಚಿದ್ರೆ ನಮ್ ಎರಡೂ ಜಾಗ ಒಂದೇ ಬಿಟ್ ಆಗುತ್ತೆ. ಅಪಾರ್ಟ್‌ಮೆಂಟ್ ಬರುತ್ತೆ, ಮುಂದೆ ನಲವತ್ತಡಿ ರೋಡ್ ಬರುತ್ತೆ. ನಿಮ್ ಪಿ.ಜಿ. ಮೇನ್ ರೋಡಿಗೇ ಬಂದಂಗೆ. ನೀವು ಅಲ್ಲಿ ಸುಮ್ನೆ ಕೂತಿದ್ದೀರಲ್ಲ ಇವತ್ತು, ಮಾಡ್ಬಿಡಿ."

ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನನ್ನ ಗಂಡ ತೀರಿಹೋದ ವರ್ಷ, ಹೆಂಗಸೊಬ್ಬಳು ಕಟ್ಟಡ ಕಟ್ಟಿಸುತ್ತಾಳಾ ಎಂದು ನೆಂಟರು ಮೂಗು ಮುರಿದಾಗ, ಬಿಸಿಲಲ್ಲಿ ನಿಂತು ಕಾಂಕ್ರೀಟ್ ಹಾಕಿಸಿದವನು ಇದೇ ಕೋದಂಡ. ಅವನಿಗೆ ಇಲ್ಲ ಅನ್ನುವುದು ನನಗೆ ಸುಲಭವಲ್ಲ. "ನೋಡ್ತೀನಿ" ಅಂದೆ. ಅವನು "ನೋಡೋದೇನು ಅತ್ತಿಗೆ, ಇವತ್ತೇ" ಅಂದ. ಆ "ಇವತ್ತೇ" ನನಗೆ ಹಿಡಿಸಲಿಲ್ಲ.

ಲೈಬ್ರರಿ

ಊರಿನ ಲೈಬ್ರರಿಯಲ್ಲಿ ಪ್ರಿಂಟ್ ತೆಗೆಯಬಹುದು ಎಂದು ಮಾರ್ಗರೆಟ್ ಹೇಳಿದಳು. ಮುದುಕರು ಪೇಪರ್ ಓದುತ್ತಿದ್ದರು, ಒಬ್ಬಳು ತಾಯಿ ಮಗುವಿಗೆ ಪಿಸುಮಾತಿನಲ್ಲಿ ಕಥೆ ಹೇಳುತ್ತಿದ್ದಳು. ರಮ್ಯಾ ಕಾಗದ ತಂದು ನನ್ನ ಮುಂದಿಟ್ಟಳು. ಕನ್ನಡ ಅಕ್ಷರ ನೋಡಿ ಹತ್ತು ದಿನವಾಗಿತ್ತು, ಅದಕ್ಕೇ ಮೊದಲು ಸಂತೋಷವಾಯಿತು. ಆಮೇಲೆ ಓದಿದೆ.

"ಸದರಿ ಕಾಲುದಾರಿಯಲ್ಲಿ ಹಲವು ವರ್ಷಗಳಿಂದ ಯಾರೂ ಓಡಾಡುತ್ತಿಲ್ಲ. ಇದನ್ನು ಮುಚ್ಚಲು ನನ್ನ ಆಕ್ಷೇಪಣೆ ಇರುವುದಿಲ್ಲ." ಕೆಳಗೆ ಚುಕ್ಕಿ ಗೆರೆ, ಅದರ ಕೆಳಗೆ ನನ್ನ ಹೆಸರು.

ಲೈಬ್ರರಿಯವಳು ಪೆನ್ ಕೊಟ್ಟಳು. ನಾನು ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡೆ.

"ಆಂಟಿ," ಎಂದಳು ರಮ್ಯಾ, "ನಾನ್ ದಿನಾ ಬೆಳಿಗ್ಗೆ ಬಸ್ಸಿಗೆ ಯಾವ ದಾರೀಲಿ ಹೋಗ್ತೀನಿ?"

ನಾನು ಕಾಗದವನ್ನೇ ಮತ್ತೆ ಓದಿದೆ.

"ಯಾರೂ ಓಡಾಡಲ್ಲ ಅಂತ ಬರ್ದಿದ್ದಾರೆ. ಹಂಗಾದ್ರೆ ನಾನು ಯಾರೂ ಅಲ್ವಾ?"

"ದೊಡ್ಡೋರ ವಿಷಯಕ್ಕೆ ಬಾಯಿ ಹಾಕ್ಬೇಡ" ಅಂದೆ. ಬಾಡಿಗೆಯ ಹುಡುಗಿಗೆ ಹೇಳುವ ಮಾತು ಅದು. ಹತ್ತು ದಿನ ಒಂದೇ ಬಾಟಲಿಯ ನೀರು ಕುಡಿದು, ನನ್ನ ಕಾಲಿನ ಬೊಬ್ಬೆಗೆ ಪಟ್ಟಿ ಹಾಕಿದವಳಿಗೆ ಹೇಳುವ ಮಾತಲ್ಲ. ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತಳು.

ನನ್ನ ಕಣ್ಣ ಮುಂದೆ ಬೆಳಿಗ್ಗೆ ಏಳೂವರೆಯ ಕಾಲುದಾರಿ ಬಂತು. ಹಿಂದಿನ ಬೀದಿಯಿಂದ ಗಾರ್ಮೆಂಟ್ಸ್ ಹೆಂಗಸರು ಟಿಫನ್ ಕ್ಯಾರಿಯರ್ ಹಿಡಿದು, ತಲೆ ಬಾಚಿಕೊಳ್ಳುತ್ತಲೇ ಬಿರಬಿರನೆ ಹೋಗುತ್ತಾರೆ. ಅವರು ಮುಟ್ಟುವ ಮೊದಲು ಫ್ಯಾಕ್ಟರಿ ಗೇಟು ಹಾಕಿಬಿಟ್ಟರೆ ಅರ್ಧ ದಿನದ ಕೂಲಿ ಹೋಯಿತು. ಮೂರು ಗಂಟೆಗೆ ಕಂಪನಿಗಳಲ್ಲಿ ನೆಲ ಒರೆಸಿ ಬರುವವರು ವಾಪಸ್ ಬರುತ್ತಾರೆ. ದಾರಿ ಮುಚ್ಚಿದರೆ ಇವರೆಲ್ಲ ಲಾರಿಗಳ ನಡುವೆ ಹೊಸೂರು ರಸ್ತೆ ಸುತ್ತಿಕೊಂಡು ಬರಬೇಕು. ನಾನು ರಾಗಿ ಹಿಟ್ಟು ಹೊತ್ತು ನಡೆಯುತ್ತಿದ್ದಾಗ ಅವರೆಲ್ಲ "ಯಶೋದಮ್ಮ, ಲಂಡನ್ ಎಷ್ಟು ದೂರ ಬಂತು?" ಎಂದು ನಗುತ್ತಿದ್ದರು.

ಇನ್ನೊಂದು ವಿಷಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ಪಿ.ಜಿ. ಕಟ್ಟುವಾಗ ಹಿಂಬಾಗಿಲಿಗೆ ಮೂರು ಮೆಟ್ಟಿಲು ಬೇಕಾಯಿತು. ನನ್ನ ಜಾಗದಲ್ಲಿ ಹಿಡಿಸಲಿಲ್ಲ. ಆ ಮೆಟ್ಟಿಲನ್ನು ನಾನು ಕಾಲುದಾರಿಯ ಮೇಲೇ ಕಟ್ಟಿಸಿದೆ, ಎರಡಡಿ ನುಂಗಿದೆ. ಆವತ್ತಿನಿಂದ ಜನ ಅಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗುತ್ತಾರೆ. ಯಾರೂ ನನ್ನನ್ನು ಕೇಳಲಿಲ್ಲ. ಕೇಳದೇ ಇದ್ದದ್ದಕ್ಕೆ ನಾನೂ ಮರೆತೆ.

ಪೆನ್ ವಾಪಸ್ ಕೊಟ್ಟು, ಕಾಗದ ನಾಲ್ಕು ಮಡಿಕೆ ಮಾಡಿ ಸ್ವೆಟರ್ ಜೇಬಿಗೆ ಹಾಕಿಕೊಂಡೆ. ಸಹಿ ಹಾಕಲಿಲ್ಲ, ಹಾಕುವುದಿಲ್ಲ ಎಂದೂ ಇನ್ನೂ ತೀರ್ಮಾನಿಸಿರಲಿಲ್ಲ.

ಸಂತೆ ಬಯಲು

ಶನಿವಾರದ ಸಂತೆ. ಮಡಿವಾಳ ಸಂತೆಯ ಕೂಗಾಟ ಕೇಳಿದ ಕಿವಿಗೆ ಇದು ಸಂತೆಯೇ ಅಲ್ಲ. ತರಕಾರಿ ಮಾರುವವನು ಗಿರಾಕಿಗೆ ಥ್ಯಾಂಕ್ಯೂ ಅನ್ನುತ್ತಾನೆ, ಗಿರಾಕಿ ಅವನಿಗೆ ಎರಡು ಸಲ ಥ್ಯಾಂಕ್ಯೂ ಅನ್ನುತ್ತಾನೆ. ಚೌಕಾಸಿಯೂ ಇಲ್ಲ, ಕೊಸರೂ ಇಲ್ಲ. ಕೊತ್ತಂಬರಿ ಸೊಪ್ಪನ್ನು ನಾಲ್ಕು ಎಸಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟಿದ್ದರು. ಅದನ್ನು ನೋಡಿ ನನಗೆ ಸಿಟ್ಟೇ ಬಂತು.

ರಮ್ಯಾ ಇನ್ನೂ ಮುನಿಸಿಕೊಂಡು, ಔಷಧಿ ಅಂಗಡಿಗೆ ಹೋಗುತ್ತೇನೆಂದು ಹೋದಳು. ನಾನು ಒಂದು ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಯಾರೋ ಬಂದು ಕೂತರು. ಬಗ್ಗಿ ನನ್ನ ಮೊಲದ ಕಿವಿಯ ಚಪ್ಪಲಿ ನೋಡಿ, ಆಮೇಲೆ ಮೇಲೆ ಕೆಂಪು ಮಂಕಿ ಕ್ಯಾಪ್ ನೋಡಿದರು. ನಿನ್ನೆಯ ಕುರಿ ಮುದುಕ.

ಇವತ್ತು ನನ್ನ ಕುರಿಗಳನ್ನು ಬಿಟ್ಟಿದ್ದೀಯಾ, ಸಂತೆಯವರನ್ನು ಓಡಿಸೋಕೆ ಬಂದ್ಯಾ ಎಂದು ಕೇಳಿದ. ನಿನ್ನೆ ಅವನ ಮಾತು ರಮ್ಯಾಗೂ ಅರ್ಧ ಅರ್ಥವಾಗಿರಲಿಲ್ಲ, ಇವತ್ತು ಕೂಗಾಡದೆ ನಿಧಾನಕ್ಕೆ ಆಡಿದ್ದರಿಂದ ನನಗೇ ಅರ್ಥವಾಗುತ್ತಿತ್ತು. ಅವನೂ ನಮ್ಮ ಹಳ್ಳಿಯವರ ಹಾಗೆ ಹಕಾರ ನುಂಗುತ್ತಿದ್ದ, ಮನೆಗೆ "ಔಸ್" ಅನ್ನುತ್ತಿದ್ದ. ಹಾಗಾಗಿ ಅವನ ಮಾತನ್ನು ನನಗೆ ಕೇಳಿಸಿದ ಹಾಗೇ ನಮ್ಮ ಮಾತಿನಲ್ಲಿ ಬರೆಯುತ್ತೇನೆ.

ನಾನು ನನ್ನ ಹರಕು ಇಂಗ್ಲಿಷಿನಲ್ಲಿ, ನಮ್ಮಲ್ಲಿ ಆಗದವರು ಹೊಲಕ್ಕೆ ಕುರಿ ಬಿಡುತ್ತಾರೆ, ಹಾಗೆಂದುಕೊಂಡೆ ಅಂದೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ.

"ಇಲ್ಲೂ ಬುಡ್ತಿದ್ರು, ನಮ್ಮಪ್ಪನ್ ಕಾಲ್ದಲ್ಲಿ" ಅಂದ. "ನೀನೇನ್ ಬೆಳೀತೀಯ?"

"ಮೊದಲು ರಾಗಿ. ಈಗ ಹುಡುಗಿಯರು."

ಪಿ.ಜಿ. ಅಂದರೇನೆಂದು ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ. ಆಮೇಲೆ ಹತ್ತು ದಿನದಿಂದ ಗಂಟಲಲ್ಲಿದ್ದ ಪ್ರಶ್ನೆ ಕೇಳಿದೆ. ನಿನ್ನ ಹೊಲದ ನಡುವೆ, ನಿನ್ನ ಅಡುಗೆಮನೆ ಕಿಟಕಿಯ ಕೆಳಗೆ ಊರೂರಿನ ಜನ ಹೋಗುತ್ತಾರಲ್ಲ, ನೀನು ಯಾಕೆ ಬಿಡುತ್ತೀಯ?

"ನಾನ್ ಬುಡೋದಾ? ಬುಡೋಕೆ ಅದು ನಂದಲ್ವಲ್ಲ. ಒಲ ನಂದು. ದಾರಿ ನಂದಲ್ಲ."

ಅವನ ತಾತ ಆ ದಾರಿಯನ್ನು ಮುಚ್ಚಲು ನೋಡಿದ್ದನಂತೆ. ಹೊಲದಲ್ಲಿ ಹಾಯುವ ಗೂಳಿಯನ್ನು ಬಿಟ್ಟನಂತೆ. ಊರಿನವರು ಏನೂ ಜಗಳವಾಡಲಿಲ್ಲ. ಪ್ರತಿ ಭಾನುವಾರ ಚರ್ಚ್ ಮುಗಿದ ಮೇಲೆ ಗಂಡಸರು, ಹೆಂಗಸರು, ಮುದುಕಿಯರು ಎಲ್ಲ ಸಾಲಾಗಿ, ಗೂಳಿಯ ಮುಂದೆಯೇ ನಡೆದುಹೋದರು. ಎರಡು ವರ್ಷ ಹಾಗೇ ನಡೆದರು. ಗೂಳಿಗೇ ಬೇಜಾರಾಗಿ ಹಾಯುವುದನ್ನು ಬಿಟ್ಟಿತು. ಕೊನೆಗೆ ತಾತನೇ ಕಲ್ಲುಗೋಡೆಯಲ್ಲಿ ಸಂದು ಮಾಡಿ ಕೊಟ್ಟ. ನಿನ್ನೆ ನಾನು ಓರೆಯಾಗಿ ತೂರಿ ಬಂದದ್ದು ಅದೇ ಸಂದಿನಲ್ಲಿ.

"ನಡೀತಾ ಇರ್ಬೇಕು ಅಷ್ಟೇಯ. ನಿಲ್ಸುದ್ರೆ ಉಲ್ಲು ಬೆಳ್ಕೊಂಡು ಓಯ್ತದೆ" ಎಂದ ಮುದುಕ, ಪ್ಯಾಂಟು ಕೊಡವಿ ಎದ್ದ. ಹೋಗುವಾಗ ನನ್ನ ಚಪ್ಪಲಿ ತೋರಿಸಿ, ನಾಳೆ ಇದರಲ್ಲೇ ನಡೀತೀಯಾ ಎಂದು ಕೇಳಿದ.

ನಾನು ಬಹಳ ಹೊತ್ತು ಅಲ್ಲೇ ಕೂತಿದ್ದೆ. ನನ್ನ ಮೂರು ಮೆಟ್ಟಿಲುಗಳೂ ಅವನ ತಾತನ ಗೂಳಿಯೂ ಒಂದೇ ಅನ್ನಿಸಿ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ರೋಷ ಬಂತು. ನನ್ನ ಕೈಯಲ್ಲಿ ಯಾರೂ ಓಡಾಡುವುದಿಲ್ಲ ಎಂದು ಬರೆಸುತ್ತಾರಾ? ಮೂರು ತಿಂಗಳು ಆ ದಾರಿಯಲ್ಲಿ ನಡೆದು ತಾನೇ ನಾನು ಇಂಗ್ಲೆಂಡನ್ನು ಅಡ್ಡ ಸೀಳುತ್ತಿರುವುದು?

ಹೊಳೆ ದಂಡೆ

ಮಧ್ಯಾಹ್ನದ ಮೇಲೆ ರಮ್ಯಾಳನ್ನು ಹುಡುಕಿಕೊಂಡು ಹೊಳೆಗೆ ಇಳಿದೆ. ಅವಳು ಕಲ್ಲಿನ ಮೇಲೆ ಕೂತು ಮಂಡಿಗೆ ಮುಲಾಮು ಹಚ್ಚುತ್ತಿದ್ದಳು. ನೀರು ಕಾಫಿ ಡಿಕಾಕ್ಷನ್ ಬಣ್ಣದ್ದು, ಕಲ್ಲಿನಿಂದ ಕಲ್ಲಿಗೆ ಬಿದ್ದು ಹರಿಯುತ್ತಿತ್ತು. ನಮ್ಮ ಕೆರೆಯ ನೊರೆ ನೆನಪಾಗಿ ನಾನು ಮೊದಲು ಮೂಸಿ ನೋಡಿದೆ. ಏನೂ ವಾಸನೆ ಇರಲಿಲ್ಲ.

"ಫೋನ್ ಹಚ್ಚು" ಅಂದೆ. "ಸ್ಪೀಕರ್ ಹಾಕು. ನೀನೂ ಕೇಳು."

ಕೋದಂಡ ಒಂದೇ ರಿಂಗಿಗೆ ಎತ್ತಿದ. "ಕಳ್ಸಿದ್ರಾ ಅತ್ತಿಗೆ?"

"ಇಲ್ಲ. ಕಳ್ಸಲ್ಲ. ಸೈನ್ ಹಾಕಲ್ಲ."

"ಯಾರಾದ್ರೂ ತಲೆ ಕೆಡಿಸಿದ್ರಾ?"

"ನನ್ ತಲೆ ಕೆಡ್ಸೋಕೆ ಇನ್ನೊಬ್ರು ಬೇಕಾಗಿಲ್ಲ ಕೋದಂಡ. ಯಾರೂ ಓಡಾಡಲ್ಲ ಅಂತ ಬರ್ದಿದ್ದೀಯ. ನಿನ್ನ ಹೆಂಡ್ತಿ ಹಾಲಿಗೆ ಯಾವ ದಾರೀಲಿ ಬರ್ತಾಳೆ?"

"ಅತ್ತಿಗೆ, ಅದು ಫಾರ್ಮಾಲಿಟಿ. ಹಂಗೇ ಬರೀಬೇಕು."

"ಸುಳ್ಳು ಬರೀಬೇಕಾದ್ರೆ ನೀನೇ ಬರ್ಕೊ. ನನ್ ಹೆಸರಲ್ಲಿ ಬೇಡ."

ಅವನ ದನಿ ಏರಿತು. "ಮೆಟ್ಟಿಲು ಕಟ್ಟೋವಾಗ ದಾರಿ ನೆನಪಿರ್ಲಿಲ್ವಾ? ಆವತ್ತು ನಾನೇ ನಿಂತು ಕಟ್ಸಿದ್ದು. ಈಗ ನಮಗೆ ಬುದ್ಧಿ ಹೇಳ್ತೀರಾ?"

ಈ ಮಾತು ಬರುತ್ತದೆಂದು ನನಗೆ ಗೊತ್ತಿತ್ತು, ಆದರೂ ಎದೆಗೆ ನಾಟಿತು. ರಮ್ಯಾ ಮುಲಾಮಿನ ಟ್ಯೂಬನ್ನೇ ನೋಡುತ್ತಾ ಕೂತಿದ್ದಳು.

"ಹೂಂ, ಕಟ್ಟಿಸಿದೆ. ತಪ್ಪು ನಂದೇ. ಬಂದ ತಕ್ಷಣ ಮೊದಲು ನನ್ ಮೆಟ್ಟಿಲು ಒಡೆಸ್ತೀನಿ. ನಿಂತು ಕಟ್ಸಿದ ಹಾಗೇ ನಿಂತು ಒಡೆಸೋಕೆ ನೀನೂ ಬಾ. ಬರ್ದೇ ಇದ್ರೆ ನಾನೇ ಸುತ್ತಿಗೆ ಹಿಡೀತೀನಿ."

"ಬಿಲ್ಡರ್‌ಗೆ ಏನ್ ಹೇಳ್ಲಿ?"

"ಅತ್ತಿಗೆ ನಡೀತಾ ಇದ್ದಾರೆ ಅಂತ ಹೇಳು."

ಅವನು ಫೋನ್ ಇಟ್ಟುಬಿಟ್ಟ. ನಾನು ಆ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತೆಂಟು ವರ್ಷದಲ್ಲಿ ಅವನು ನನ್ನ ಮಾತಿನ ಮಧ್ಯೆ ಫೋನ್ ಇಟ್ಟವನಲ್ಲ. ನಾನು ಅತ್ತುಬಿಟ್ಟೆ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ರಮ್ಯಾ ಮುಲಾಮು ಮೆತ್ತಿದ ಕೈಯಲ್ಲೇ ನನ್ನ ಭುಜ ಹಿಡಿದಳು. ಆ ವಾಸನೆ ಸ್ವೆಟರಿನಿಂದ ಈಗಲೂ ಹೋಗಿಲ್ಲ.

"ಬೆಳಿಗ್ಗೆ ಹಂಗಂದಿದ್ದು ತಪ್ಪಾಯ್ತು ಕಣೇ" ಅಂದೆ.

"ಪಿ.ಜಿ. ಗೋಡೆ ಮೇಲಿಂದ ಒಂದ್ ರೂಲ್ ತೆಗೀತೀರಾ ಹಂಗಾದ್ರೆ?"

"ಬಟ್ಟೆ ಒಗೆಯೋದಾ? ಆಗಲ್ಲ. ಸಂಪು ಖಾಲಿ ಆಗುತ್ತೆ."

ಭಾನುವಾರ, ಬಯಲು ದಾರಿ

ಬೆಳಿಗ್ಗೆ ಮಾರ್ಗರೆಟ್ ಶೂ ತಂದುಕೊಟ್ಟಳು. ಒಲೆಯ ಪಕ್ಕ ಇಟ್ಟಿದ್ದರೂ ಒಳಗಿನ್ನೂ ಹಸಿ. ಅಡಿಯಲ್ಲಿ ಕಾಗದ ಹಾಸಿಕೊಂಡರೆ ನೀರು ಹೀರುತ್ತದೆ ಎಂದು ಹೇಳಿ ಹಳೇ ಪೇಪರ್ ತರಲು ಒಳಗೆ ಹೋದಳು. ನಾನು ಸ್ವೆಟರ್ ಜೇಬಿಗೆ ಕೈ ಹಾಕಿದೆ. ಕೋದಂಡನ ಕಾಗದ ಇತ್ತು. ಒಂದು ಮಡಿಕೆ ಬಿಚ್ಚಿ, ಅಕ್ಷರ ಮೇಲೆ ಬರುವ ಹಾಗೆ ಬಲಗಾಲಿನ ಶೂ ಒಳಗೆ ನೀಟಾಗಿ ಹಾಸಿದೆ. ಅಳತೆಗೆ ಮಾಡಿಸಿದ ಹಾಗೆ ಕೂತಿತು.

ಮೊಲದ ಕಿವಿಯ ಚಪ್ಪಲಿಗಳನ್ನು ಒರೆಸಿ ಬಾಗಿಲಲ್ಲಿ ಜೋಡಿಸಿಟ್ಟೆ. ಮಾರ್ಗರೆಟ್ ನನ್ನನ್ನು ತಬ್ಬಿಕೊಂಡು, ಮತ್ತೆ ಬಂದರೆ ಬಟ್ಟೆ ಒಗೆಯಬೇಡ ಅಂದಳು. ನೀನು ಸಿಂಗಸಂದ್ರಕ್ಕೆ ಬಾ, ಬಂದರೆ ನೀನೂ ಒಗೆಯುವ ಹಾಗಿಲ್ಲ ಅಂದೆ.

ಅವತ್ತಿನ ದಾರಿ ಇಡೀ ಬಯಲು. ಗುಡ್ಡವಿಲ್ಲ, ಗೋಧಿ ಹೊಲ, ಮತ್ತೆ ಗೋಧಿ ಹೊಲ. ಎಷ್ಟೋ ದೂರದವರೆಗೆ ಪೈರಿನ ನಡುವೆ ಒಂದೇ ಒಂದು ಸಣ್ಣ ಗೆರೆಯ ಹಾಗೆ ದಾರಿ ಹೋಗುತ್ತಿತ್ತು. ಬಿತ್ತುವಾಗ ದಾರಿಯ ಮೇಲೂ ಬಿತ್ತುತ್ತಾರಂತೆ, ಆಮೇಲೆ ನಡೆಯುವವರಿಗಾಗಿ ತಾವೇ ಪೈರು ತೆಗೆದು ದಾರಿ ಬಿಡುತ್ತಾರಂತೆ. ರಮ್ಯಾ ಮುಂದೆ ಕುಂಟುತ್ತಾ, ನಾನು ಹಿಂದೆ. ಹೊಲದಲ್ಲಿ ಒಂದು ಕಡೆ ನಾಲ್ಕು ಕುರಿ ಕಂಡವು. ಗೋಧಿಯೊಳಗೇ ನಿಂತಿದ್ದವು. ರಮ್ಯಾ ತಿರುಗಿ ಬೆರಳು ತೋರಿಸಿದಳು. ನಾನು ಕೈ ಕಟ್ಟಿಕೊಂಡು ಹೋದೆ. ಅವು ನಿಜವಾಗಿಯೂ ಕಳ್ಳ ಕುರಿಗಳೇ ಎಂಬುದು ನನಗೆ ಇವತ್ತಿಗೂ ಗ್ಯಾರಂಟಿ.

ಸಂಜೆ ಡ್ಯಾನ್ಬಿ ವಿಸ್ಕ್ ಎಂಬ ಪುಟ್ಟ ಹಳ್ಳಿ ಮುಟ್ಟಿದೆವು. ಹುಲ್ಲಿನ ಮೇಲೆ ಕೂತು ಶೂ ಬಿಚ್ಚಿದೆ. ಕಾಗದ ಹೊರಗೆ ಬಂತು. ಹಿಮ್ಮಡಿ, ಪಾದ, ಐದು ಬೆರಳು ಎಲ್ಲವೂ ಕಂದು ಬಣ್ಣದಲ್ಲಿ ಅಚ್ಚೊತ್ತಿದ ಹಾಗೆ ಮೂಡಿದ್ದವು. ಬೆವರು, ತೊರೆಯ ಕೆಸರು, ಶೂವಿನ ಬಣ್ಣ, ಏನೇನೋ ಸೇರಿತ್ತು. ಹೆಬ್ಬೆರಳಿನ ಗುರುತಿನ ಕೆಳಗೆ "ಯಾರೂ ಓಡಾಡುತ್ತಿಲ್ಲ" ಎಂಬುದು ಇನ್ನೂ ಓದಲು ಬರುತ್ತಿತ್ತು.

"ಫೋಟೋ ತೆಗಿ" ಅಂದೆ ರಮ್ಯಾಗೆ. ತೆಗೆದಳು. ಕೋದಂಡನಿಗೆ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಉತ್ತರ ಬಂತು. "ಏನತ್ತಿಗೆ ಇದು?"

ನನಗೆ ಟೈಪ್ ಮಾಡಲು ಬರುವುದಿಲ್ಲ. ರಮ್ಯಾ ಕೈಯಲ್ಲಿ ಬರೆಸಿದೆ, ನಾನು ಹೇಳಿದ ಹಾಗೇ, ಒಂದಕ್ಷರ ಬಿಡದೆ:

"ಸೈನ್ ಕೇಳಿದ್ಯಲ್ಲಪ್ಪಾ. ಇವತ್ತು ನಿನ್ ಕಾಗದದ ಮೇಲೇ ಹದಿನಾಲ್ಕು ಮೈಲಿ ಓಡಾಡಿದ್ದೀನಿ. ಇದೇ ನನ್ ಸೈನು. ಬಿಲ್ಡರ್‌ಗೆ ಕೊಡು."